ಬೀಲ ನೋಡಿ ಹೆಸರು ಹೇಳುವ ಕೆಲಸ

ಮಳೆಗಾಲ ಸುರು ಅಪ್ಪ ಮದಲು ಅಟ್ಟ ಉಡುಗೆಕ್ಕು ಹೇಳಿ ಚಿಕ್ಕಮ್ಮನ ಒತ್ತಾಯ. ಹಳೆ ಪಂಚಾಂಗ, ಅಡಕ್ಕೆ ಲೆಕ್ಕದ ಪುಸ್ತಕ, ಮಕ್ಕಳ ಪಾಠಪುಸ್ತಕ, ಎಲ್ಲ ಕಟ್ಟು ಕಟ್ಟಿ ಜಾಲಿಂಗೆ ಇಳುಸಿ ಆತು. ಗುಜರಿಯವ° ತಕ್ಕಡಿ ಹಿಡ್ಕೊಂಡು ನಿಂದಿತ್ತಿದ್ದ°. ಅಷ್ಟಪ್ಪಗ ಒಂದು ಕಟ್ಟಿನ ಒಳಂದ ಕೆಂಪು ರಟ್ಟಿನ ಮೂರು ಪುಸ್ತಕ ಜಾರಿ ಬಿದ್ದತ್ತು. ಬಿಡುಸಿ ನೋಡಿರೆ ಅಪ್ಪಚ್ಚಿಯ ಅಕ್ಷರ. ಒಂದು ಕರೆಲಿ ತಾರೀಕು, ಅದರ ಹತ್ರೆ ‘ವಿಟಿ’ ಹೇಳಿ ಸುರು ಅಪ್ಪ ಐದು ಅಕ್ಷರ, ಮತ್ತೆ ‘ಬೆಳಿ ಮೈ, ಕಿತ್ತಳೆ ಬೀಲ, ಮಧ್ಯಾನ್ನ ಮಳೆ’ ಹೇಳಿ ಸಣ್ಣಕೆ ಬರದ್ದು. ಪುಟ ಪುಟವೂ ಹೀಂಗೇ.

“ಅದು ಅಪ್ಪಚ್ಚಿಯ ವಿಮಾನದ ಮರುಳು. ಕೊಟ್ಟುಬಿಡು ಅತ್ಲಾಗಿ” ಹೇಳಿತ್ತು ಚಿಕ್ಕಮ್ಮ. ಎನಗೆ ಕೊಡ್ಲೆ ಮನಸ್ಸು ಬಯಿಂದಿಲ್ಲೆ. ಬಾಕಿ ಕಟ್ಟಿನ ಪೈಸೆ ತೆಕ್ಕೊಂಡು ಅವನ ಕಳುಸಿದೆ.

ಅಪ್ಪಚ್ಚಿ ತೀರಿಹೋಗಿ ಆರು ವರ್ಷ ಆತು. ಅಡಕ್ಕೆ ಕೊಡ್ಲೆ ಮಂಗ್ಳೂರಿಂಗೆ ಹೋದರೆ ಕೆಲಸ ಮುಗುಶಿ ಬಜ್ಪೆಯ ಬಸ್ಸು ಹತ್ತುಗು. ಗುಡ್ಡೆ ಕರೆಲಿ ಕೊಡೆ ಬಿಡುಸಿ ಕೂದು ಒಂದು ವಿಮಾನ ಇಳಿವದು, ಅದೇ ವಿಮಾನ ಏರುವದು ನೋಡಿ ಹೊತ್ತೋಪಗ ಮನೆಗೆ ಬಕ್ಕು. “ಟಿಕೇಟು ತೆಗೆಯದ್ದೆ ವಿಮಾನಕ್ಕೆ ಹೋಗಿ ಬಂದವು” ಹೇಳಿ ಎಂಗೊ ಮಕ್ಕೊ ನೆಗೆ ಮಾಡಿಗೊಂಡಿತ್ತಿದ್ದೆಯ°. ಇಂತ ಮರುಳು ಲೋಕಲ್ಲಿ ಸುಮಾರು ಜೆನಕ್ಕೆ ಇದ್ದು, ಅದಕ್ಕೊಂದು ಚರಿತ್ರೆಯೂ ಇದ್ದು ಹೇಳಿ ಎನಗೆ ಗೊಂತಾದ್ದು ಮತ್ತೆ.

ಇದರ ಬೇರು ಇಪ್ಪದು ಇಂಗ್ಲೆಂಡಿಲಿ. ಎರಡನೇ ಮಹಾಯುದ್ಧದ ಕಾಲಲ್ಲಿ ಆಕಾಶಲ್ಲಿ ಬಪ್ಪ ವಿಮಾನ ನಮ್ಮದೋ ಶತ್ರುವಿನದೋ ಹೇಳಿ ನೋಡಿದ ಕೂಡ್ಲೆ ಹೇಳೆಕ್ಕಾಗಿತ್ತು. ರಾಯಲ್ ಅಬ್ಸರ್ವರ್ ಕೋರ್ ಹೇಳ್ತ ದಳಲ್ಲಿ ಊರಿನ ಸಾಮಾನ್ಯ ಜೆನವೇ ಪಾಳಿ ಪ್ರಕಾರ ಕೂದು ಆಕಾಶ ಕಾವದು. ರೆಂಕೆ ಹೇಂಗಿದ್ದು, ಬೀಲ ಹೇಂಗಿದ್ದು, ಎಂಜಿನು ಎಷ್ಟು ಹೇಳಿ ಕಪ್ಪು ನೆರಳಿನ ಚಿತ್ರ ನೋಡಿ ಅಭ್ಯಾಸ ಮಾಡುವದು. ಅದಕ್ಕೇ ಹೇಳಿ ‘ದಿ ಏರೋಪ್ಲೇನ್ ಸ್ಪಾಟರ್’ ಹೇಳಿ ಒಂದು ಪತ್ರಿಕೆ 1941ರಿಂದ 1948ರ ವರೆಗೆ ಬಂದುಗೊಂಡಿತ್ತು. ಯುದ್ಧ ಮುಗುದತ್ತು, ಆದರೆ ಕಣ್ಣಿನ ಅಭ್ಯಾಸ ಹೋಯಿದಿಲ್ಲೆ. ಬಾಂಬು ವಿಮಾನ ನೋಡಿಗೊಂಡಿದ್ದ ಮಾಣಿಯಂಗೊ ಪ್ರಯಾಣದ ವಿಮಾನ ನೋಡ್ಲೆ ಸುರು ಮಾಡಿದವು. 1955ರಲ್ಲಿ ಲಂಡನಿನ ಹೀಥ್ರೂವಿಲಿ ಕ್ವೀನ್ಸ್ ಬಿಲ್ಡಿಂಗ್ ತೆರದಪ್ಪಗ ಅದರ ಮಾಡಿನ ಮೇಲೆ ಜೆನ ನಿಂದು ವಿಮಾನ ನೋಡ್ಲೆ ಹೇಳಿಯೇ ಜಾಗೆ ಮಾಡಿತ್ತಿದ್ದವು. ಕೈಲಿ ದುರ್ಬೀನು, ಕಿಸೆಲಿ ಪೆನ್ಸಿಲು, ಬುತ್ತಿಲಿ ಬ್ರೆಡ್ಡು. ಎಂಗಳ ಅಪ್ಪಚ್ಚಿಯ ಚೀಲಲ್ಲಿ ಅವಲಕ್ಕಿ ಇತ್ತು, ಅಷ್ಟೇ ವೆತ್ಯಾಸ.

ಅವು ಬರವದು ಎಂತರ? ಸುರೂವಾಣದ್ದು ನಂಬರು. ಪ್ರತಿಯೊಂದು ವಿಮಾನಕ್ಕೂ ಕಾರಿಂಗೆ ಇಪ್ಪ ಹಾಂಗೆ ನೋಂದಣಿ ಅಕ್ಷರ ಇದ್ದು. ನಮ್ಮ ದೇಶದ್ದು ‘ವಿಟಿ’. ಬ್ರಿಟಿಷರ ಕಾಲಲ್ಲಿ ಅವರ ಕೈಕೆಳ ಇಪ್ಪ ದೇಶಂಗೊಕ್ಕೆ ‘ವಿ’ ಅಕ್ಷರಂದ ಸುರು ಅಪ್ಪ ಗುರ್ತು ಕೊಟ್ಟವು, ಹಾಂಗೆ ನವಗೆ ಇದು ಬಂತು. ‘ವೈಸರಾಯ್ಸ್ ಟೆರಿಟರಿ’ ಹೇಳಿ ಜೆನ ಅದಕ್ಕೊಂದು ಅರ್ಥವನ್ನೂ ಕಟ್ಟಿದ್ದವು. ಪಾಕಿಸ್ತಾನ ಬೇರೆ ಆದ ಮೇಲೆ ‘ಎಪಿ’ ಮಾಡಿಗೊಂಡತ್ತು. ನಾವು ಹಳತ್ತನ್ನೇ ಒಳುಶಿಗೊಂಡಿದು.

ಎರಡನೇದು ಬಣ್ಣ. ಇದರ ಇಂಗ್ಲಿಷಿಲಿ ಲಿವರಿ ಹೇಳ್ತವು. ಮದಲು ಅದು ದೊಡ್ಡ ಮನೆತನದವು ಆಳುಗೊಕ್ಕೆ ಕೊಡ್ತ ಸಮವಸ್ತ್ರದ ಹೆಸರು. ಹೆಮ್ಮಕ್ಕೊಗೆ ಬೇಗ ಅರ್ಥ ಅಕ್ಕು: ಸೀರೆಯ ಅಂಚು, ಸೆರಗು ನೋಡಿ ಅದು ಯಾವ ಊರಿನದು ಹೇಳಿ ಹೇಳುವ ಹಾಂಗೆಯೇ ಇದು. ಹಳೆ ವಿಮಾನಂಗಳಲ್ಲಿ ಕಿಟಿಕಿಯ ಸಾಲಿನ ಉದ್ದಕ್ಕೆ ಒಂದು ಬಣ್ಣದ ಪಟ್ಟೆ ಇಕ್ಕು, ಅದು ಅಂಚು. ಬೀಲಲ್ಲಿ ಕಂಪೆನಿಯ ಗುರ್ತು, ಅದು ಸೆರಗು. ಮಾಡಿಂಗೆ ಬೆಳಿ ಹಚ್ಚುವದು ಬೆಶಿಲಿನ ಬೆಶಿ ಒಳ ಬಾರದ್ದ ಹಾಂಗೆ. ದೊಡ್ಡ ವಿಮಾನಕ್ಕೆ ಬಣ್ಣವೇ ನೂರಾರು ಕಿಲೋ ತೂಗುತ್ತು. ಹಾಂಗೆ ಅಮೆರಿಕನ್ ಏರ್‌ಲೈನ್ಸಿನವು 2013ರ ವರೆಗೂ ಮೈಗೆ ಬಣ್ಣ ಹಚ್ಚದ್ದೆ, ಲೋಹವನ್ನೇ ಉದ್ದಿ ಹೊಳೆಶಿ ಹಾರುಸಿಗೊಂಡಿತ್ತಿದ್ದವು, ಹೊಳಪು ಬರುಸಿದ ಹಿತ್ತಾಳೆ ಪಾತ್ರದ ಹಾಂಗೆ.

ನಮ್ಮ ದೇಶದ ಕತೆಗೆ ಬಪ್ಪ°. 1932 ಅಕ್ಟೋಬರ 15ಕ್ಕೆ ಜೆ.ಆರ್.ಡಿ. ಟಾಟಾ ಒಂದು ಸಣ್ಣ ಪುಸ್ ಮೋತ್ ವಿಮಾನಲ್ಲಿ ಕರಾಚಿಂದ ಅಹಮದಾಬಾದು ದಾರಿಯಾಗಿ ಬೊಂಬಾಯಿಗೆ ಟಪ್ಪಾಲು ತಂದವು. ಅಲ್ಲಿಂದ ಮದ್ರಾಸಿಂಗೆ ತೆಕ್ಕೊಂಡು ಹೋದ್ದು ನೆವಿಲ್ ವಿನ್ಸೆಂಟ್. ಮಧ್ಯಲ್ಲಿ ಇಳುದ್ದು ಎಲ್ಲಿ ಗೊಂತಿದ್ದೋ? ನಮ್ಮ ಬಳ್ಳಾರಿಲಿ! ಆ ಕಂಪೆನಿಯೇ 1946ರಲ್ಲಿ ಏರ್ ಇಂಡಿಯಾ ಆತು. 1948 ಜೂನ್ 8ಕ್ಕೆ ‘ಮಲಬಾರ್ ಪ್ರಿನ್ಸೆಸ್’ ಹೇಳ್ತ ವಿಮಾನ ಬೊಂಬಾಯಿಂದ ಕೈರೋ, ಜಿನೀವಾ ದಾರಿಯಾಗಿ ಲಂಡನಿಂಗೆ ಹೋತು. ಅಂದ್ರಾಣ ವಿಮಾನಂಗೊಕ್ಕೆ ಹೆಸರೂ ಇತ್ತು, ಎಂಗಳ ಹಟ್ಟಿಯ ದನಂಗೊಕ್ಕೆ ಇಪ್ಪ ಹಾಂಗೆ.

1971ರಲ್ಲಿ ಜಂಬೋ ವಿಮಾನ ಬಂತು, ‘ಎಂಪರರ್ ಅಶೋಕ’. ಅದರ ಪ್ರತಿ ಕಿಟಿಕಿಯ ಸುತ್ತವೂ ಅರಮನೆಯ ಜರೋಕದ ಹಾಂಗೆ ಕೆಂಪು ಕಮಾನು ಬರದವು. ಹಾರುವ ಅರಮನೆ. ಯಾವ ದೇಶದ ವಿಮಾನನಿಲ್ದಾಣಲ್ಲಿ ನಿಂದರೂ ದೂರಂದಲೇ ಗುರ್ತ ಸಿಕ್ಕುಗು. ಆ ಅಶೋಕ 1978 ಜನವರಿ 1ಕ್ಕೆ ಬೊಂಬಾಯಿಂದ ಏರಿದ ರಜ್ಜ ಹೊತ್ತಿಲಿ ಸಮುದ್ರಕ್ಕೆ ಬಿದ್ದತ್ತು, 213 ಜೆನ ಹೋದವು. ಆದರೆ ಕಿಟಿಕಿಯ ಕಮಾನು ಬಾಕಿ ವಿಮಾನಂಗಳಲ್ಲಿ ಒಳುದತ್ತು. 1989ರಲ್ಲಿ ಕಂಪೆನಿಯವು ಅದರ ತೆಗದು, ಮೈಪೂರ ಬೆಳಿ, ಕೆಂಪು ಬೀಲಲ್ಲಿ ಚಿನ್ನದ ಸೂರ್ಯ ಮಾಡ್ಲೆ ಹೆರಟವು. ಜೆನ ಒಪ್ಪಿದ್ದವಿಲ್ಲೆ. ಎರಡು ವರ್ಷಲ್ಲಿ ಕಮಾನು ತಿರುಗಿ ಬಂತು. 2007ರಲ್ಲಿ ಇಂಡಿಯನ್ ಏರ್‌ಲೈನ್ಸಿನೊಟ್ಟಿಂಗೆ ಸೇರಿಯಪ್ಪಗ ಹಂಸವೂ ಕೋಣಾರ್ಕದ ಚಕ್ರವೂ ಬೀಲಕ್ಕೆ ಹತ್ತಿತ್ತು. 2023ರಲ್ಲಿ ಮತ್ತೊಂದರಿ ಹೊಸ ವೇಷ ಬಂತು, ಅದರಲ್ಲಿಯೂ ಹಳೆ ಕಿಟಿಕಿಯ ಚೌಕಟ್ಟೇ ಗುರ್ತಾಗಿ ಒಳುದ್ದು. ಸೊಸೆಯಕ್ಕೊ ಬದಲಿರೂ ಸಾರಿನ ರುಚಿ ಪೂರ್ತಿ ಬದಲ್ತಿಲ್ಲೆ ಹೇಳಿ ಅಜ್ಜಿ ಹೇಳುಗು, ಹಾಂಗೆ.

ಬಣ್ಣಕ್ಕೆ ಜೆನ ಜಗಳ ಮಾಡಿದ್ದು ಇಲ್ಲಿ ಮಾಂತ್ರ ಅಲ್ಲ. 1997ರಲ್ಲಿ ಬ್ರಿಟಿಷ್ ಏರ್‌ವೇಸಿನವು ಬೀಲಲ್ಲಿ ದೇಶದ ಬಾವುಟದ ಬದಲು ಲೋಕದ ಬೇರೆ ಬೇರೆ ಊರಿನ ಕಲೆಯ ಬರೆಶಿದವು. ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಒಂದು ಸಭೆಲಿ ಆ ಬೀಲದ ಮಾದರಿ ಕಂಡು ತನ್ನ ಕರವಸ್ತ್ರವ ಅದಕ್ಕೆ ಮುಚ್ಚಿತ್ತು. ಕಡೇಂಗೆ 2001ರಲ್ಲಿ ಕಂಪೆನಿಯವು ಎಲ್ಲ ಬೀಲಕ್ಕೂ ಬಾವುಟವನ್ನೇ ಬರೆತ್ತೆಯ° ಹೇಳಿದವು.

ಬೊಂಬಾಯಿ, ಲಂಡನು ಆತು. ಇನ್ನು ಎಂಗಳ ಬಜ್ಪೆ. 1951 ದಶಂಬರ 25ಕ್ಕೆ ಅಲ್ಲಿ ಸುರೂವಾಣ ವಿಮಾನ ಇಳುದ್ದು, ಅದರಲ್ಲಿ ಬಂದದು ನೆಹರು, ಡಕೋಟಾ ವಿಮಾನಲ್ಲಿ. ಗುಡ್ಡೆಯ ತಲೆ ತಟ್ಟು ಮಾಡಿ ಕಟ್ಟಿದ ರನ್‌ವೇ ಅದು, 1,615 ಮೀಟರು ಉದ್ದ. ಎರಡು ಕೊಡಿಲಿಯೂ ಹೊಂಡ. ಅಪ್ಪಚ್ಚಿಯ ಸುರೂವಾಣ ಪುಸ್ತಕಲ್ಲಿ ಇಪ್ಪದು ಹೆಚ್ಚಿಂದೂ ಆವ್ರೋ ವಿಮಾನ, ಕಾನ್ಪುರದ ಎಚ್‌ಎಎಲ್‌ಲಿ ಮಾಡಿದ್ದು, ರೆಂಕೆಲಿ ಎರಡು ಪಂಕ. ಅದರಲ್ಲಿ ಒಂದು ‘ವಿಟಿ-ಡಿಎಕ್ಸ್‌ಎಫ್’. 1981 ಆಗಸ್ಟ್ 19ಕ್ಕೆ ಅದು ಮಳೆಗೆ ರನ್‌ವೇ ದಾಂಟಿ ಹೋತು. ಜೆನಂಗೊ ಒಳುದವು, ವಿಮಾನ ಮತ್ತೆ ಹಾರಿದ್ದಿಲ್ಲೆ. ಪುಸ್ತಕಲ್ಲಿ ಆ ನಂಬ್ರಕ್ಕೆ ಪೆನ್ಸಿಲಿಲಿ ಒಂದು ಗೆರೆ ಎಳದು, ‘ಮುಗುದತ್ತು’ ಹೇಳಿ ಬರದ್ದವು.

ಒಂದರಿ ಅಪ್ಪಚ್ಚಿಯ ಒಬ್ಬ° ಕಾವಲುಗಾರ ಹಿಡುದು ಕೂರುಸಿದ್ದನಡ. “ನಂಬರು ಎಂತಗೆ ಬರೆತ್ತೆ? ಆರಿಂಗೆ ಕೊಡ್ತೆ?” ಹೇಳಿ. ಪುಸ್ತಕ ಬಿಡುಸಿ ನೋಡಿ, ನಂಬರಿನ ಕರೆಲಿ ‘ಮೋಡ, ಗಾಳಿ, ಕಾಪಿ 50 ಪೈಸೆ’ ಹೇಳಿ ಇದ್ದದು ಕಂಡು ಬಿಟ್ಟವಡ. ನಮ್ಮ 1937ರ ವಿಮಾನ ನಿಯಮಲ್ಲಿ ಸರಕಾರಿ ವಿಮಾನನಿಲ್ದಾಣಲ್ಲಿ ಅಪ್ಪಣೆ ಇಲ್ಲದ್ದೆ ಪಟ ತೆಗವಲಾಗ ಹೇಳಿ ಇದ್ದು. ಅಪ್ಪಚ್ಚಿಯ ಕೈಲಿ ಕೆಮರವೇ ಇತ್ತಿಲ್ಲೆ, ಅದು ಅವರ ಪುಣ್ಯ. 2001ರಲ್ಲಿ ಗ್ರೀಸ್ ದೇಶದ ಕಲಮಾಟಾಲ್ಲಿ ವಿಮಾನ ನೋಡ್ಲೆ ಹೋದ 12 ಜೆನ ಬ್ರಿಟಿಷರನ್ನೂ 2 ಜೆನ ಡಚ್ಚರನ್ನೂ ಗೂಢಚಾರರು ಹೇಳಿ ಜೈಲಿಂಗೆ ಹಾಕಿತ್ತಿದ್ದವು. ಶಿಕ್ಷೆಯೂ ಆತು. ಮತ್ತೆ 2002ರ ನವೆಂಬರಿಲಿ ಅಪೀಲಿಲಿ ಬಿಡುಗಡೆ ಆತು. ನಂಬರು ಬರೆತ್ತದು ಬರೇ ಕೊಶಿಗೆ ಹೇಳಿ ನ್ಯಾಯಾಧೀಶರಿಂಗೆ ಅರ್ಥ ಮಾಡ್ಸುದು ಅಷ್ಟು ಕಷ್ಟ!

ಮೂರನೇ ಪುಸ್ತಕ ಬೇರೆ ನಮುನೆದು. 2005ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸುರು ಆತು. ಬಜ್ಪೆಲಿ 2,450 ಮೀಟರಿನ ಹೊಸ ರನ್‌ವೇ 2006ರಲ್ಲಿ ಆತು, ದುಬೈಗೆ ನೇರ ವಿಮಾನವೂ ಬಂತು. ಈ ವಿಮಾನಂಗಳ ವಿಶೇಷ ಎಂತ ಹೇಳಿರೆ ಒಂದೊಂದರ ಬೀಲಕ್ಕೂ ಒಂದೊಂದು ಚಿತ್ರ, ಅದೂ ಎಡದ ಹೊಡೆಲಿ ಒಂದು, ಬಲದ ಹೊಡೆಲಿ ಬೇರೆ. ನಾಟ್ಯ, ಚಿತ್ರಕಲೆ, ಹಳೆ ಕಟ್ಟೋಣ, ಹೀಂಗೆ. ಎರಡೂ ಹೊಡೆ ಕಂಡರೇ ಅಪ್ಪಚ್ಚಿಗೆ ಆ ವಿಮಾನ ‘ಪೂರ್ತಿ’. ಒಂದು ಹೊಡೆ ಮಾಂತ್ರ ಕಂಡರೆ ಇನ್ನೊಂದಕ್ಕೆ ಜಾಗೆ ಬಿಟ್ಟು ಬಕ್ಕು.

ಆ ಪುಸ್ತಕಲ್ಲಿ ‘ವಿಟಿ-ಎಎಕ್ಸ್‌ವಿ’ ನಾಲ್ಕು ಸರ್ತಿ ಇದ್ದು. ಎಡದ ಹೊಡೆಯ ಚಿತ್ರ ಬರದ್ದವು. ಬಲದ ಹೊಡೆ ಹೇಳಿ ಬರದು ಮುಂದೆ ಖಾಲಿ.

2010 ಮೇ 22ಕ್ಕೆ ಉದಿಯಪ್ಪಗ ಆರು ಗಂಟೆ ಹೊತ್ತಿಂಗೆ ದುಬೈಂದ ಬಂದು ಬಜ್ಪೆಲಿ ರನ್‌ವೇ ದಾಂಟಿ ಗುಡ್ಡೆಂದ ಕೆಳ ಬಿದ್ದದು ಅದೇ ವಿಮಾನ. 166 ಜೆನ ಇತ್ತಿದ್ದವು. 158 ಜೆನ ಹೋದವು. ಟಿವಿಲಿ ಹೊಗೆಯ ಎಡೆಲಿ ತುಂಡಾದ ವಿಮಾನವ ಕಾಂಬಗ ಎಂಗೊಗೆ ಅದು ಒಂದು ವಿಮಾನ. ಅಪ್ಪಚ್ಚಿಗೆ ಅದು ಗುರ್ತದ್ದು. ಅದರ ನಂಬ್ರಕ್ಕೆ ಅವು ಗೆರೆ ಎಳದ್ದವಿಲ್ಲೆ, ‘ಮುಗುದತ್ತು’ ಹೇಳಿಯೂ ಬರದ್ದವಿಲ್ಲೆ. ಆ ತಾರೀಕಿಂದ ಮತ್ತೆ ಪುಸ್ತಕಲ್ಲಿ ಒಂದು ಗೆರೆಯೂ ಇಲ್ಲೆ.

ಇಷ್ಟು ಓದಿಕ್ಕಿ ಆನು ಅಡಿಗೆ ಒಳಂಗೆ ಹೋಗಿ ಚಿಕ್ಕಮ್ಮನತ್ರೆ ಕೇಳಿದೆ. ಅದು ಒಲೆಯ ಕಿಚ್ಚು ಮುಂದೆ ನೂಕಿಗೊಂಡು ಹೇಳಿತ್ತು: “ಆ ಪುಸ್ತಕವ ಅಟ್ಟಕ್ಕೆ ಹಾಕಿದ್ದು ಆನೇ. ದಿನಾಗ್ಲೂ ಆ ಒಂದು ಪುಟ ಬಿಡುಸಿ ಕೂದುಗೊಂಡಿತ್ತಿದ್ದವು. ಉಂಬಲೆ ದಿನಿಗೇಳಿರೆ ಕೇಳ. ಎಲ್ಲಿದ್ದು ಹೇಳಿ ಕೇಳಿದವು, ಕಂಡತ್ತಿಲ್ಲೆ ಹೇಳಿದೆ.” ಗುಜರಿಗೆ ಕೊಡು ಹೇಳಿದ್ದು ಎಂತಗೆ ಹೇಳಿ ಎನಗೆ ಅಂಬಗ ಗೊಂತಾತು.

ಇರುಳು ಮಗಳತ್ರೆ ಹೇಳಿದೆ. ಅದು ಫೋನಿಲಿ ಹುಡ್ಕಿತ್ತು. ಈಗ ಆಕಾಶಲ್ಲಿ ಹಾರುವ ವಿಮಾನದ ನಂಬರು ಫೋನಿಲೇ ಕಾಣ್ತು, ಗುಡ್ಡೆ ಹತ್ತೆಕ್ಕು ಹೇಳಿ ಇಲ್ಲೆ. ಆದರೆ ಹಳೆ ವಿಮಾನ ಯಾವ ವರ್ಷ ಯಾವ ಬಣ್ಣಲ್ಲಿ ಇತ್ತು ಹೇಳಿ ಬೇಕಾರೆ ಅಂದು ಆರೋ ಒಬ್ಬ° ಬೆಶಿಲಿಲಿ ನಿಂದು ತೆಗದ ಪಟವೇ ಬೇಕಷ್ಟೆ. ಕಂಪೆನಿ ಹೊಸ ಬಣ್ಣ ಹಚ್ಚುವಗ ಹಳತ್ತರ ಕೆರಸಿ ತೆಗೆತ್ತು, ಮುಗುದತ್ತು. ಹಳತ್ತು ಒಳುದ್ದು ಈ ಮರುಳಿನವರ ಕೈಲಿ.

ವಿಟಿ-ಎಎಕ್ಸ್‌ವಿಯ ಪಟವೂ ಸಿಕ್ಕಿತ್ತು, ಎರಡೂ ಹೊಡೆದು. ತೆಗದ್ದು ಆರೋ ಗುರ್ತ ಇಲ್ಲದ್ದ ಜೆನ. “ಅಪ್ಪ°, ಬಲದ ಹೊಡೆ ಇದಾ, ಬರೆ” ಹೇಳಿ ಮಗಳು ಪೆನ್ಸಿಲು ತಂದುಕೊಟ್ಟತ್ತು. ಚಿಕ್ಕಮ್ಮನೂ ಬಾಗಿಲ ಹತ್ರೆ ಬಂದು ನಿಂದಿತ್ತು. ಆನು ಪುಟ ಬಿಡುಸಿದೆ. ಬರವಲೆ ಎಡಿಗಾಯಿದಿಲ್ಲೆ. ಅಪ್ಪಚ್ಚಿ ತಾನು ಕಂಡದರ ಮಾಂತ್ರ ಬರದೋರು. ಕಾಣದ್ದರ ಆನು ತುಂಬುಸಿರೆ ಅದು ಅವರ ಪುಸ್ತಕ ಅಲ್ಲ.

ಚಿಕ್ಕಮ್ಮ ಫೋನಿನ ಕೈಗೆ ತೆಕ್ಕೊಂಡು ಆ ಚಿತ್ರವ ಸುಮಾರು ಹೊತ್ತು ನೋಡಿತ್ತು. “ಚೆಂದ ಇತ್ತು ಅಲ್ಲದೋ” ಹೇಳಿತ್ತು. ಮತ್ತೆ ಮೂರೂ ಪುಸ್ತಕವ ಸೆರಗಿಲಿ ಉದ್ದಿ, ತನ್ನ ಸೀರೆಯ ಕವಾಟಿಲಿ ಮಡಗಿತ್ತು.

ನಿಂಗಳ ಮನೆಯ ಅಟ್ಟಲ್ಲಿಯೂ ಇಂತದ್ದು ಇಕ್ಕು. ರೈಲಿನದ್ದೋ, ಬಸ್ಸಿನದ್ದೋ, ಮಳೆ ಲೆಕ್ಕದ್ದೋ. ತಕ್ಕಡಿಗೆ ಹಾಕುವ ಮದಲು ಒಂದರಿ ಬಿಡುಸಿ ನೋಡಿಕ್ಕಿ.