ಗಣಕದ ಸೋಂಕಿನ ಚರಿತ್ರೆ ಮತ್ತು ನನ್ನದೊಂದು ತಪ್ಪು

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ತರಗತಿಯಲ್ಲಿ ಹೇಳುವುದು ನನಗೆ ಬಹಳ ಪ್ರಿಯವಾಗಿತ್ತೆಂಬುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದದ್ದು, ಅದರ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು, ಇವನ್ನೆಲ್ಲ ಪಠ್ಯಪುಸ್ತಕದಲ್ಲಿರಲಿ ಇಲ್ಲದಿರಲಿ ಹೇಳಿಯೇ ತೀರುತ್ತಿದ್ದೆ. ರೋಗವನ್ನು ಹೊತ್ತು ತರುವವನಿಗೆ ತಾನು ಹೊತ್ತಿರುವುದು ಗೊತ್ತೇ ಇರುವುದಿಲ್ಲ ಎಂದು ಕರಿಹಲಗೆಯ ಮೇಲೆ ಬರೆದೂ ತೋರಿಸಿದ್ದೆ. ಆ ಮಾತು ನನಗೇ ಅನ್ವಯಿಸಿದ ಪ್ರಸಂಗವೊಂದನ್ನು ಇಂದು ಬರೆಯಬೇಕೆಂದಿದ್ದೇನೆ. ಅದಕ್ಕೆ ಮೊದಲು ಸ್ವಲ್ಪ ಚರಿತ್ರೆ. ಮೇಷ್ಟ್ರಿಗೆ ಆ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ.

ಗಣಕಯಂತ್ರಗಳಿಗೂ ಸೋಂಕು ತಗಲಬಹುದೆಂಬ ಕಲ್ಪನೆ ಆ ಯಂತ್ರಗಳಷ್ಟೇ ಹಳೆಯದು. ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳಬಲ್ಲ ಯಂತ್ರದ ಬಗ್ಗೆ ಗಣಿತಜ್ಞ ಜಾನ್ ವಾನ್ ನಾಯ್ಮನ್ 1949ರಲ್ಲೇ ಉಪನ್ಯಾಸ ನೀಡಿದ್ದರು. 1971ರಲ್ಲಿ ಅಮೆರಿಕದ ಬಾಬ್ ಥಾಮಸ್ ಎಂಬ ತಂತ್ರಜ್ಞರು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದಾಡುವ ‘ಕ್ರೀಪರ್’ ಎಂಬ ಕ್ರಮವಿಧಿಯನ್ನು ಪ್ರಯೋಗಕ್ಕಾಗಿ ಬರೆದರು. ‘ವೈರಸ್’ ಎಂಬ ಹೆಸರು ಇದಕ್ಕೆ ಒಪ್ಪುತ್ತದೆಂದು 1983ರಲ್ಲಿ ಸೂಚಿಸಿದವರು ಲೆನ್ ಏಡಲ್‌ಮನ್ ಎಂಬ ಪ್ರಾಧ್ಯಾಪಕರು. ಆ ದಿಕ್ಕಿನಲ್ಲಿ ಪ್ರಯೋಗ ನಡೆಸಿದವರು ಅವರ ಶಿಷ್ಯ ಫ್ರೆಡ್ ಕೋಹೆನ್. ಇವೆಲ್ಲ ವಿದ್ವಾಂಸರ ಕೋಣೆಯೊಳಗಿನ ಮಾತು.

ನಮ್ಮ ಉಪಖಂಡದ ಕಥೆ ಆರಂಭವಾಗುವುದು ಲಾಹೋರಿನಲ್ಲಿ. ಅಲ್ಲಿ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಸಹೋದರರು 1986ರಲ್ಲಿ ‘ಬ್ರೇನ್’ ಎಂಬ ವೈರಸ್ಸನ್ನು ಬಿಟ್ಟರು. ಐ.ಬಿ.ಎಂ. ಮಾದರಿಯ ವೈಯಕ್ತಿಕ ಗಣಕಗಳನ್ನು ಹಿಡಿದ ಮೊದಲ ವೈರಸ್ ಇದೆಂದು ಪ್ರಸಿದ್ಧಿ. ಫ್ಲಾಪಿಯ ಮೊದಲ ಭಾಗದಲ್ಲಿ ಅಡಗಿ ಕುಳಿತು, ಇನ್ನೊಂದು ಫ್ಲಾಪಿ ಸಿಕ್ಕಿದೊಡನೆ ಅದಕ್ಕೂ ಹಾರುತ್ತಿತ್ತು. ಅದು ಮಾಡುತ್ತಿದ್ದ ತೊಂದರೆ ಮುಖ್ಯವಾಗಿ ಒಂದೇ: ಫ್ಲಾಪಿ ಓದುವುದು ನಿಧಾನವಾಗುತ್ತಿತ್ತು. ವಿಚಿತ್ರವೆಂದರೆ, ಸಹೋದರರು ತಮ್ಮ ಹೆಸರು, ಅಂಗಡಿಯ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅದರೊಳಗೇ ಬರೆದಿಟ್ಟಿದ್ದರು! 2011ರಲ್ಲಿ ಫಿನ್ಲೆಂಡಿನ ತಜ್ಞ ಮಿಕ್ಕೊ ಹ್ಯೂಪ್ಪೊನೆನ್ ಲಾಹೋರಿಗೆ ಹೋಗಿ ಅವರನ್ನು ಕಂಡು ಮಾತನಾಡಿಸಿದರು. ಕಳ್ಳನೊಬ್ಬ ಕನ್ನ ಹಾಕಿದ ಮನೆಯಲ್ಲಿ ತನ್ನ ವಿಳಾಸ ಬಿಟ್ಟು ಹೋದಂತಹ ಈ ಪ್ರಸಂಗ ನನಗೆ ಇಂದಿಗೂ ನಗು ತರಿಸುತ್ತದೆ.

1988ರ ನವೆಂಬರ್ 2ರ ಘಟನೆ ಮಾತ್ರ ನಗುವಂಥದ್ದಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಅಂದು ಅಂತರಜಾಲಕ್ಕೆ ಒಂದು ‘ಹುಳು’ವನ್ನು ಬಿಟ್ಟ. ಅವನ ತಂದೆ ಅಮೆರಿಕ ಸರ್ಕಾರದಲ್ಲಿ ಗಣಕಗಳ ಸುರಕ್ಷತೆಯ ವಿಭಾಗದಲ್ಲೇ ಹಿರಿಯ ವಿಜ್ಞಾನಿ! ಆ ಹುಳು ಯಾವ ಕಡತವನ್ನೂ ಅಳಿಸಲಿಲ್ಲ. ಹೊಸ ಯಂತ್ರಕ್ಕೆ ಹೋದಾಗ ‘ಇಲ್ಲಿ ನಾನು ಮೊದಲೇ ಇದ್ದೇನೆಯೆ?’ ಎಂದು ವಿಚಾರಿಸಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿತ್ತು. ಆದರೆ ಯಂತ್ರಗಳ ಮೇಲ್ವಿಚಾರಕರು ‘ಇದ್ದೀಯೆ’ ಎಂದು ಸುಳ್ಳು ಉತ್ತರ ಕೊಡಿಸಿ ಅದನ್ನು ತಡೆದಾರೆಂಬ ಶಂಕೆಯಿಂದ, ಏಳು ಸಲಕ್ಕೊಮ್ಮೆ ಉತ್ತರ ಏನೇ ಬಂದರೂ ಒಳಗೆ ಸೇರಿಕೊಳ್ಳುವಂತೆ ಮಾರಿಸ್ ಬರೆದಿದ್ದ. ಈ ಏಳರಲ್ಲೊಂದು ಎಂಬುದೇ ಅನರ್ಥಕ್ಕೆ ಮೂಲ. ಒಂದೊಂದು ಯಂತ್ರದಲ್ಲೂ ಪ್ರತಿಗಳ ಮೇಲೆ ಪ್ರತಿಗಳು ಸೇರಿ, ಯಂತ್ರಗಳು ಏದುಸಿರು ಬಿಡುತ್ತ ನಿಂತುಹೋದವು. ಸುಮಾರು 6,000 ಯಂತ್ರಗಳೆಂಬುದು ಅಂದಿನ ಅಂದಾಜು. ಗಾಬರಿಯಾದ ಮಾರಿಸ್ ಪರವಾಗಿ ಗೆಳೆಯನೊಬ್ಬ, ಹೆಸರು ಹೇಳದೆ, ಕ್ಷಮೆಯನ್ನೂ ಪರಿಹಾರವನ್ನೂ ಸೇರಿಸಿ ಒಂದು ಸಂದೇಶ ಕಳುಹಿಸಿದ. ಜಾಲವೇ ಕಟ್ಟಿಕೊಂಡಿದ್ದರಿಂದ ಅದು ಸಕಾಲಕ್ಕೆ ತಲುಪಲಿಲ್ಲ. 1990ರಲ್ಲಿ ನ್ಯಾಯಾಲಯ ಅವನಿಗೆ ಮೂರು ವರ್ಷದ ನಡತೆಯ ನಿಗಾ, 400 ಗಂಟೆಗಳ ಸಮಾಜಸೇವೆ ಮತ್ತು ದಂಡ ವಿಧಿಸಿತು. ಮುಂದೆ ಆತ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕನಾದ.

ಇನ್ನು 2000ದ ಮೇ 4ರಂದು ಫಿಲಿಪೀನ್ಸಿನಿಂದ ಹೊರಟ ‘ಐ ಲವ್ ಯು’. ಇದರ ಉಪಾಯ ಗಮನಿಸತಕ್ಕದ್ದು. ಮಿಂಚಂಚೆಯೊಡನೆ ಬರುತ್ತಿದ್ದ ಕಡತದ ಹೆಸರಿನ ಕೊನೆಯ ಮೂರಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡುವುದರಿಂದ, ಓದುವವನಿಗೆ ಅದು ಸಾಧಾರಣ ಪತ್ರದಂತೆ ಕಾಣುತ್ತಿತ್ತು. ಒತ್ತಿದರೆ ಅದು ಪತ್ರವಲ್ಲ, ಆಜ್ಞೆಗಳ ಗಂಟು. ಅಂಥದ್ದನ್ನು ಶಿಕ್ಷಿಸುವ ಕಾನೂನು ಆಗ ಆ ದೇಶದಲ್ಲಿ ಇಲ್ಲದಿದ್ದುದರಿಂದ ಮೊಕದ್ದಮೆ ನಿಲ್ಲಲಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆ ಅದೇ ವರ್ಷ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಅದರ 43ನೆಯ ಕಲಮಿನಲ್ಲಿ ವೈರಸ್ಸಿನ ಹೆಸರೇ ಇದೆ.

ಈಗ ನನ್ನ ವಿಷಯ. 2007ರ ಮಾತು. ನಿವೃತ್ತಿಗೆ ಎರಡು ವರ್ಷವಿತ್ತು. ಮನೆಯಲ್ಲಿ ಗಣಕ ಕೊಂಡು, ಕನ್ನಡ ಬೆರಳಚ್ಚು ಕಲಿತು, ನಮ್ಮ ತಂದೆಯವರು ಹೇಳಿ ಬರೆಸಿದ್ದ ಊರಿನ ನೆನಪುಗಳನ್ನು ರಾತ್ರಿ ಕುಳಿತು ಅದಕ್ಕೆ ಏರಿಸುತ್ತಿದ್ದೆ. ಜೊತೆಗೆ ಒಂದು ಪೆನ್ ಡ್ರೈವ್. ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದೇ ಒಂದು ಹೆಮ್ಮೆ.

ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಶಾಲೆಯ ಆರು ಗಣಕಗಳೂ ಒಂದೊಂದಾಗಿ ಹ್ಯಾಂಗ್ ಆಗತೊಡಗಿದವು. ಗುಂಡಿ ಒತ್ತಿದರೆ ಚಹಾ ಕುಡಿದು ಬರುವಷ್ಟು ಹೊತ್ತಾದರೂ ತೆರೆ ಅಲುಗದು. ಅದೇ ವಾರ ಹತ್ತನೆಯ ತರಗತಿಯ ಹುಡುಗನೊಬ್ಬ ಆಟಗಳ ಸಿ.ಡಿ. ತಂದು ಹಾಕಿದ್ದನ್ನು ನಾನು ನೋಡಿದ್ದೆ. ಇನ್ನೇನು ಬೇಕು? ಪ್ರಾರ್ಥನೆಯ ಸಮಯದಲ್ಲಿ ಎಲ್ಲರೆದುರು ನಿಲ್ಲಿಸಿ ಬೈದೆ. ಸಿ.ಡಿ. ಕಿತ್ತುಕೊಂಡೆ. ‘ನಾನಲ್ಲ ಸಾರ್’ ಎಂದ. ‘ಎದುರು ಮಾತಾಡ್ತೀಯಾ?’ ಎಂದೆ. ಆ ವರ್ಷವೆಲ್ಲ ಅವನನ್ನು ಗಣಕದ ಕೋಣೆಗೆ ಸೇರಿಸಲಿಲ್ಲ.

ತಿಂಗಳ ನಂತರ ಮನೆಯ ಗಣಕಕ್ಕೂ ಅದೇ ಗತಿ. ತಂದೆಯವರ ಬರಹವಿದ್ದ ಫೋಲ್ಡರನ್ನು ಒತ್ತಿದರೆ ತೆರೆಯದು, ಯಂತ್ರ ಇನ್ನಷ್ಟು ನಿಧಾನ. ಯಾವ ಕ್ರಮವಿಧಿಗಳು ನಡೆಯುತ್ತಿವೆಯೆಂದು ತೋರಿಸುವ ಟಾಸ್ಕ್ ಮ್ಯಾನೇಜರನ್ನು ಕರೆದರೆ, ಇದನ್ನು ನಿಮ್ಮ ಆಡಳಿತಾಧಿಕಾರಿಗಳು ನಿರ್ಬಂಧಿಸಿದ್ದಾರೆ ಎಂಬ ಉತ್ತರ. ‘ಈ ಮನೆಯಲ್ಲಿ ಆಡಳಿತಾಧಿಕಾರಿ ಯಾರು ಅಂತ ಅದಕ್ಕೂ ಗೊತ್ತಾಯಿತಲ್ಲ’ ಎಂದು ನನ್ನ ಶ್ರೀಮತಿ ನಕ್ಕಳು. ನನಗೆ ನಗು ಬರಲಿಲ್ಲ. ನೂರಾ ಎಂಬತ್ತು ಪುಟ ಹೋದವೆಂದೇ ತಿಳಿದಿದ್ದೆ.

ದೀಪಾವಳಿಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವನು. ಮೊದಲಿಗೆ ದೂರವಾಣಿಯ ತಂತಿ ಕಿತ್ತ. ಎಫ್ 8 ಕೀಲಿ ಒತ್ತಿ, ಅತ್ಯಗತ್ಯವಾದವು ಮಾತ್ರ ನಡೆಯುವ ಸೇಫ್ ಮೋಡಿನಲ್ಲಿ ಯಂತ್ರವನ್ನು ಎಬ್ಬಿಸಿದ. ಕಡತಗಳ ಹೆಸರಿನ ಬಾಲ ಕಾಣುವಂತೆ ಮಾಡಿದ. ನೋಡಿದರೆ, ನಾನು ಫೋಲ್ಡರೆಂದು ತಿಳಿದು ದಿನವೂ ಒತ್ತುತ್ತಿದ್ದದ್ದು ಫೋಲ್ಡರೇ ಅಲ್ಲ! ಹಳದಿ ಫೋಲ್ಡರಿನ ಚಿತ್ರವನ್ನು ಮುಖವಾಡವಾಗಿ ಧರಿಸಿದ ಕ್ರಮವಿಧಿ. ಹೆಸರಿನ ತುದಿಯಲ್ಲಿ ಇ.ಎಕ್ಸ್.ಇ. ಎಂಬ ಅಕ್ಷರಗಳು. ನಿಜವಾದ ಫೋಲ್ಡರನ್ನು ಅದು ಅಡಗಿಸಿಟ್ಟು ಅದೇ ಹೆಸರಿನಲ್ಲಿ ತಾನು ಕುಳಿತಿತ್ತು. ಪ್ರೇಮಪತ್ರದ ಉಪಾಯವೇ, ಬೇರೆ ವೇಷದಲ್ಲಿ. ಹುಡುಗ ಕಪ್ಪು ತೆರೆಯ ಮೇಲೆ ‘ಆಟ್ರಿಬ್’ ಎಂಬ ಆಜ್ಞೆ ಬರೆದು ಅಡಗಿದ್ದನ್ನು ಹೊರತಂದ. ಪುಟಗಳು ಒಂದೂ ಹೋಗಿರಲಿಲ್ಲ. ತಾನು ತಂದಿದ್ದ ಆಂಟಿವೈರಸ್ಸಿನಿಂದ ಯಂತ್ರವನ್ನೆಲ್ಲ ಶೋಧಿಸಿದ.

ಕಾಫಿ ಕುಡಿಯುತ್ತ ನನ್ನ ಪೆನ್ ಡ್ರೈವನ್ನು ಹಾಕಿದ. ಚುಚ್ಚಿದೊಡನೆ ತಾನಾಗಿ ಓಡುವ ‘ಆಟೋರನ್’ ಸೌಲಭ್ಯವನ್ನು ಇಂಥ ಹುಳುಗಳು ಬಳಸಿಕೊಳ್ಳುತ್ತಿದ್ದ ಕಾಲವದು. ಪೆನ್ ಡ್ರೈವುಗಳಿಗೆ ಅದು ನಡೆಯದಂತೆ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳನ್ನು ತಿದ್ದಿದ್ದು 2011ರಲ್ಲಿ. ಹುಳು ಅದರಲ್ಲೂ ಇತ್ತು. ‘ಸಾರ್, ಇದು ಇದಕ್ಕೆ ಸೇರಿದ ತಾರೀಖು ನೋಡಿ’ ಎಂದ. ಪ್ರಶ್ನೆಪತ್ರಿಕೆ ಮುದ್ರಿಸಲು ನಾನು ಜೆರಾಕ್ಸ್ ಅಂಗಡಿಗೆ ಹೋದ ದಿನ. ಮರುದಿನ ಅದೇ ಪೆನ್ ಡ್ರೈವನ್ನು ಶಾಲೆಯ ಆರೂ ಯಂತ್ರಗಳಿಗೆ ನನ್ನ ಕೈಯಿಂದಲೇ ಹಾಕಿದ್ದೆ. ಹುಡುಗ ಸಿ.ಡಿ. ತಂದದ್ದು ಅದಾದ ಮೂರು ದಿನಕ್ಕೆ.

ಒಳಗೆ ಹೋಗಿ ಮೇಜಿನ ಖಾನೆಯಿಂದ ಆ ಸಿ.ಡಿ.ಯನ್ನು ತಂದೆ. ಅದನ್ನೂ ಶೋಧಿಸಿದ. ಏನೂ ಇರಲಿಲ್ಲ, ಕ್ರಿಕೆಟ್ ಆಟ ಮಾತ್ರ.

ರಜೆ ಮುಗಿದು ಶಾಲೆಗೆ ಹೋದಾಗ ಹೇಳಬೇಕೆಂದುಕೊಂಡೆ. ಸ್ಟಾಫ್ ರೂಮಿನಲ್ಲಿ ಬಾಯಿವರೆಗೆ ಬಂದದ್ದನ್ನು ನುಂಗಿದೆ. ಅವನನ್ನು ಗಣಕದ ಕೋಣೆಗೆ ಮತ್ತೆ ಸೇರಿಸಿದರೆ ಕಾರಣ ಹೇಳಬೇಕಾದೀತೆಂದು ಅದನ್ನೂ ಮಾಡಲಿಲ್ಲ. ಮಾರ್ಚಿಯಲ್ಲಿ ಅವನು ಪರೀಕ್ಷೆ ಬರೆದು ಹೋದ. ಎಲ್ಲರೆದುರು ಬೈದಿದ್ದೆನಾದ್ದರಿಂದ ಎಲ್ಲರೆದುರೇ ಇದನ್ನು ಬರೆದಿದ್ದೇನೆ. ಅವನ ಸಹಪಾಠಿಗಳಲ್ಲಿ ಹಲವರು ಇದನ್ನು ಓದುತ್ತೀರಿ, ಅವನಿಗೆ ತಲುಪಿಸಿ. ಹೆಸರು ಬರೆದಿಲ್ಲ, ಅವನಿಗೆ ತಿಳಿಯುತ್ತದೆ.

ನೀನು ಹೇಳಿದ್ದೇ ನಿಜವಪ್ಪ, ನೀನಲ್ಲ. ಸಿ.ಡಿ. ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಊರಿಗೆ ಬಂದಾಗ ಮನೆಗೆ ಬಾ.