ಹಳೆಯ ಮಿಲಿಟರಿ ಲಾರಿ ಯಾರದ್ದು? ಚಾಸಿ ನಂಬರಿನ ಜಾಡು ಹಿಡಿಯುವ ಬಗೆ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಮ್ಮ ಕಡೆ 'ಡಿಸ್ಪೋಸಲ್ ಗಾಡಿ' ಎಂಬ ಮಾತು ಬಳಕೆಗೆ ಬಂತು. ಸೇನೆಗೆ ಬೇಡವಾದ ಲಾರಿ, ಜೀಪುಗಳನ್ನು ಸರ್ಕಾರ ಮಾರಿತು. ಕೊಂಡವರು ಅವುಗಳಿಗೆ ಹೊಸ ಬಾಡಿ ಕಟ್ಟಿಸಿದರು, ಕೂಪಿನಿಂದ ಮರ ಸಾಗಿಸಿದರು. ಆ ಲಾರಿ ಮೊದಲು ಯಾವ ಪಡೆಯಲ್ಲಿತ್ತು, ಯಾರ ಕೈ ದಾಟಿ ಬಂತು ಎಂದು ಆಗ ಕೇಳುವವರು ಇರಲಿಲ್ಲ. ಎಂಜಿನ್ ಸ್ಟಾರ್ಟ್ ಆದರೆ ಸಾಕಿತ್ತು.

ಅದೇ ಕಾಲದ ಭಾರೀ ಲಾರಿಗಳು ಬ್ರಿಟನ್ನಿನಲ್ಲಿ ಇಂದಿಗೂ ಉಳಿದಿವೆ. ಅಲ್ಲಿ ಒಂದೊಂದು ಲಾರಿಯ ಮಾಲೀಕತ್ವದ ಚರಿತ್ರೆಯನ್ನು ಹುಡುಕಿ ತೆಗೆಯುವುದು ಒಂದು ಶಾಸ್ತ್ರವೇ ಆಗಿಬಿಟ್ಟಿದೆ. ಇದನ್ನು ಬರೀ ಹವ್ಯಾಸ ಎನ್ನುವಂತಿಲ್ಲ. ಲಾರಿಗೆ ಹಳೆಯ ನಂಬರ್ ಸಿಗುತ್ತದೆಯೋ ಇಲ್ಲವೋ, ಕೊಂಡವನು ಕೊಟ್ಟ ಹಣಕ್ಕೆ ಅಸಲಿ ಮಾಲು ಬಂದಿದೆಯೋ ಅಥವಾ ಎರಡು ಗುಜರಿ ಲಾರಿ ಸೇರಿಸಿ ಕಟ್ಟಿದ್ದೋ ಎಂಬುದೆಲ್ಲ ಈ ಹುಡುಕಾಟದ ಮೇಲೆ ನಿಂತಿದೆ.

ಮೂರು ಲಾರಿಗಳ ಹೆಸರು ಇಲ್ಲಿ ಪದೇ ಪದೇ ಬರುತ್ತದೆ. ಮೊದಲನೆಯದು ಸ್ಕ್ಯಾಮೆಲ್ ಪಯೊನಿಯರ್. ಲಂಡನ್ ಸಮೀಪದ ವಾಟ್‌ಫರ್ಡ್‌ನ ಸ್ಕ್ಯಾಮೆಲ್ ಕಂಪನಿ 1927ರಲ್ಲಿ ಹೊರತಂದ ಆರು ಚಕ್ರದ ಗಾಡಿ ಇದು. ಯುದ್ಧಕಾಲದಲ್ಲಿ ಫಿರಂಗಿ ಎಳೆಯಲು, ಟ್ಯಾಂಕ್ ಹೊರಲು, ಕೆಟ್ಟು ನಿಂತ ವಾಹನಗಳನ್ನು ಕ್ರೇನಿನಿಂದ ಎತ್ತಿ ತರಲು ಬೇರೆ ಬೇರೆ ರೂಪದಲ್ಲಿ ತಯಾರಾಯಿತು. ಇದರ ಗಾರ್ಡ್ನರ್ ಡೀಸೆಲ್ ಎಂಜಿನ್ 102 ಅಶ್ವಶಕ್ತಿಯದು. ವೇಗ ಗಂಟೆಗೆ 40 ಕಿಲೋಮೀಟರಿಗಿಂತ ಕಡಿಮೆ, ಆದರೆ ಎಳೆಯುವುದರಲ್ಲಿ ಆನೆ. ಎರಡನೆಯದು ಎಇಸಿ ಮೆಟಡಾರ್. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಿಗೆ ಹೆಸರಾದ ಕಂಪನಿಯೇ ತಯಾರಿಸಿದ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಫಿರಂಗಿ ಟ್ರ್ಯಾಕ್ಟರ್. (ನಮ್ಮಲ್ಲಿ ಮದುವೆ ದಿಬ್ಬಣಕ್ಕೆ ಹೋಗುತ್ತಿದ್ದ ಮೆಟಡಾರ್ ವ್ಯಾನಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.) ಮೂರನೆಯದು ಅಮೆರಿಕದ ಡೈಮಂಡ್ ಟಿ. ಟ್ಯಾಂಕ್ ಸಾಗಿಸಲು ಭಾರೀ ಲಾರಿ ಬೇಕೆಂದು 1940ರಲ್ಲಿ ಬ್ರಿಟನ್ ಕೇಳಿಕೊಂಡ ಮೇಲೆ ವಿನ್ಯಾಸಗೊಂಡ ಇದು 1941ರಿಂದ 1945ರ ನಡುವೆ 5,800ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

ಒಂದು ಲಾರಿ, ಹಲವು ನಂಬರು

ಲಾರಿಯ ಹೆಸರು ಕೇಳಿದರೆ ನಾವು ನಂಬರ್ ಪ್ಲೇಟ್ ನೋಡುತ್ತೇವೆ. ಹಳೆಯ ಮಿಲಿಟರಿ ಲಾರಿಯಲ್ಲಿ ಅದೇ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಸಾಕ್ಷಿ.

ಯುದ್ಧಕಾಲದಲ್ಲಿ ಬ್ರಿಟಿಷ್ ಸೇನೆಯ ವಾಹನಗಳಿಗೆ ಇದ್ದದ್ದು ಒಂದು ಅಕ್ಷರ ಮತ್ತು ಅದರ ಮುಂದೆ ಅಂಕಿಗಳು. ಲಾರಿಗೆ 'ಎಲ್', ಎಳೆಯುವ ಟ್ರ್ಯಾಕ್ಟರಿಗೆ 'ಎಚ್', ಟ್ಯಾಂಕಿಗೆ 'ಟಿ', ಮೋಟಾರ್ ಸೈಕಲ್ಲಿಗೆ 'ಸಿ'. ಈ ನಂಬರನ್ನು ಬಾನೆಟ್ಟಿನ ಪಕ್ಕದಲ್ಲಿ ಬಣ್ಣದಲ್ಲಿ ಬರೆಯುತ್ತಿದ್ದರು. 1949ರಲ್ಲಿ ಸೇನೆ ಈ ಕ್ರಮವನ್ನೇ ಬದಲಾಯಿಸಿತು. ಎರಡು ಅಂಕಿ, ಎರಡು ಅಕ್ಷರ, ಮತ್ತೆ ಎರಡು ಅಂಕಿ ಎಂಬ ಹೊಸ ಪದ್ಧತಿ ಬಂತು. ಯುದ್ಧದಿಂದ ಉಳಿದುಬಂದ ಗಾಡಿಗಳಿಗೆ 'ವೈ' ಮತ್ತು 'ಝಡ್' ಅಕ್ಷರದಿಂದ ಶುರುವಾಗುವ ಸರಣಿ, ವರ್ಕ್‌ಶಾಪಿನಲ್ಲಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದವಕ್ಕೆ 'ಆರ್' ಸರಣಿ. ಅಂದರೆ 1943ರಲ್ಲಿ ಸೇನೆಗೆ ಸೇರಿದ ಒಂದು ಪಯೊನಿಯರ್ ಹತ್ತು ಹನ್ನೆರಡು ವರ್ಷದಲ್ಲಿ ಮೂರು ನಂಬರ್ ಹೊತ್ತಿರಬಹುದು. ಸೇನೆಯಿಂದ ಹೊರಬಿದ್ದ ಮೇಲೆ ನಾಲ್ಕನೆಯದು, ನಾಗರಿಕ ನಂಬರು.

ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವುದು ಚಾಸಿ ನಂಬರ್ ಒಂದೇ. ಎಂಜಿನ್ ನಂಬರನ್ನು ನಂಬಿ ಮೋಸಹೋದವರು ಬಹಳ. ಸೇನೆಯ ವರ್ಕ್‌ಶಾಪಿನಲ್ಲಿ ಎಂಜಿನ್ ಬದಲಾಯಿಸುವುದು ದಿನನಿತ್ಯದ ಕೆಲಸ. ಡೈಮಂಡ್ ಟಿ ಲಾರಿಗಳ ಅಮೆರಿಕದ ಹರ್ಕ್ಯುಲಿಸ್ ಎಂಜಿನ್ನನ್ನು ತೆಗೆದು ಕೆಲವಕ್ಕೆ ರೋಲ್ಸ್ ರಾಯ್ಸ್ ಡೀಸೆಲ್ ಎಂಜಿನ್ ಕೂರಿಸಿದ್ದೂ ಉಂಟು. ಡ್ಯಾಶ್‌ಬೋರ್ಡಿನ ಮೇಲಿನ ತಗಡಿನ ಪಟ್ಟಿಯೂ ಅಷ್ಟೇ. ಅಮೆರಿಕದ ಲಾರಿಗಳಲ್ಲಿ ಸೇನೆಗೆ ಒಪ್ಪಿಸಿದ ತಾರೀಕು ಆ ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ, ನಿಜ. ಆದರೆ ಹೊಸದಾಗಿ ಮಾಡಿದ ಖಾಲಿ ಪಟ್ಟಿಗಳು ಇಂದು ಅಂಗಡಿಯಲ್ಲೇ ಸಿಗುತ್ತವೆ. ಎರಡು ತಿರುಪಿನಲ್ಲಿ ಕೂರುವ ತಗಡಿಗಿಂತ ಚಾಸಿಯ ಉಕ್ಕಿನ ಮೇಲೆ ಸುತ್ತಿಗೆಯಲ್ಲಿ ಹೊಡೆದ ಅಂಕಿಗೆ ಬೆಲೆ ಹೆಚ್ಚು.

ಚಾಸಿ ನಂಬರ್ ಕೈಗೆ ಸಿಕ್ಕರೆ ಮುಂದಿನ ದಾರಿ ಕಾಗದದ್ದು. ಸ್ಕ್ಯಾಮೆಲ್ ಕಾರ್ಖಾನೆ 1988ರಲ್ಲಿ ಮುಚ್ಚಿತು. ಲೇಲ್ಯಾಂಡ್ ಗುಂಪಿಗೆ ಸೇರಿದ್ದ ಇಂಥ ಕಂಪನಿಗಳ ದಾಖಲೆಗಳಲ್ಲಿ ಉಳಿದದ್ದನ್ನು ಲ್ಯಾಂಕಶೈರ್‌ನ ಲೇಲ್ಯಾಂಡ್ ಊರಿನ ಬ್ರಿಟಿಷ್ ವಾಣಿಜ್ಯ ವಾಹನ ಮ್ಯೂಸಿಯಂ ಕಾಪಾಡಿಕೊಂಡಿದೆ. ಸೇನೆಯ ಕಡೆಯದ್ದು ರಾಯಲ್ ಲಾಜಿಸ್ಟಿಕ್ ಕೋರ್ ಮ್ಯೂಸಿಯಂನಲ್ಲಿರುವ ವಾಹನ ಕಾರ್ಡುಗಳು. ಒಂದು ವಾಹನಕ್ಕೆ ಒಂದು ಕಾರ್ಡ್: ಯಾವ ಡಿಪೋಗೆ ಬಂತು, ಯಾವ ಘಟಕಕ್ಕೆ ಹೋಯಿತು, ಯಾವಾಗ ಪಟ್ಟಿಯಿಂದ ತೆಗೆದರು ಎಂದು ಗುಮಾಸ್ತರು ಕೈಯಲ್ಲಿ ಬರೆದ ಸಾಲುಗಳು. ಇವು ಬಹುಮಟ್ಟಿಗೆ ಯುದ್ಧದ ನಂತರದ ಕಾಲದವು. ಯುದ್ಧಭೂಮಿಯಲ್ಲಿ ಲಾರಿ ಏನು ಮಾಡಿತು ಎಂಬುದು ಈ ಕಾರ್ಡಿನಲ್ಲಿ ಸಿಗುವುದು ಅಪರೂಪ. ಮಾರುವವರು ಹೇಳುವ 'ಇದು ನಾರ್ಮಂಡಿಯಲ್ಲಿ ಇಳಿದ ಲಾರಿ' ಎಂಬ ಮಾತಿಗೆ ಬೆನ್ನ ಹಿಂದೆ ಕಾಗದವಿಲ್ಲದಿದ್ದರೆ ಕಿವಿಗೊಡಬೇಕಾಗಿಲ್ಲ.

ಹರಾಜಿನ ಮೈದಾನದಲ್ಲಿ ತಪ್ಪುವ ಜಾಡು

ಸೇನೆ ಬೇಡವೆಂದ ಲಾರಿಗಳು ನಾಟಿಂಗ್‌ಹ್ಯಾಮ್ ಬಳಿಯ ರಡ್ಡಿಂಗ್ಟನ್ ಡಿಪೋದಂಥ ಕಡೆ ಹರಾಜಾಗುತ್ತಿದ್ದವು. ಕೊಳ್ಳುವವರಲ್ಲಿ ಹೆಚ್ಚಿನವರು ವ್ಯಾಪಾರಿಗಳು. ಅವರು ಲಾರಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಮುಂದಕ್ಕೆ ಮಾರುತ್ತಿದ್ದರು. ಹಾಗಾಗಿ ಸೇನೆಯ ಕಾರ್ಡು ಮುಗಿಯುವ ದಿನಕ್ಕೂ ನಾಗರಿಕ ದಾಖಲೆ ಶುರುವಾಗುವ ದಿನಕ್ಕೂ ನಡುವೆ ವರ್ಷಗಟ್ಟಲೆ ಖಾಲಿ ಬೀಳುತ್ತದೆ. ಇನ್ನೊಂದು ತೊಡಕು: 1943ರ ಲಾರಿ 1958ರಲ್ಲಿ ಮೊದಲ ಸಲ ನಾಗರಿಕ ನೋಂದಣಿ ಕಂಡರೆ ಪುಸ್ತಕದಲ್ಲಿ ಕಾಣುವುದು 1958. ಅದನ್ನೇ ತಯಾರಾದ ವರ್ಷ ಎಂದುಕೊಂಡವರೂ ಇದ್ದಾರೆ.

ಕೆಲವು ಲಾರಿಗಳಿಗೆ ನೋಂದಣಿಯೇ ಆಗಲಿಲ್ಲ. ಪಯೊನಿಯರ್, ಮೆಟಡಾರ್‌ಗಳನ್ನು ಕೊಂಡವರಲ್ಲಿ ಗ್ಯಾರೇಜಿನವರು ಬಹಳ. ಅಪಘಾತವಾದ ಬಸ್ಸು, ಲಾರಿ ಎಳೆದು ತರಲು ಅವರಿಗೆ ಇದಕ್ಕಿಂತ ಅಗ್ಗದ ಗಾಡಿ ಬೇರೆ ಇರಲಿಲ್ಲ. ಗ್ಯಾರೇಜಿನವರು ತಮ್ಮ ವ್ಯಾಪಾರದ ತಾತ್ಕಾಲಿಕ ಪ್ಲೇಟನ್ನು ಕಟ್ಟಿ ಓಡಿಸುತ್ತಿದ್ದರು. ಆ ಪ್ಲೇಟು ಗ್ಯಾರೇಜಿನದು, ಲಾರಿಯದಲ್ಲ. ಇವತ್ತು ಇದಕ್ಕೆ, ನಾಳೆ ಇನ್ನೊಂದಕ್ಕೆ. ಹೀಗೆ ಇಪ್ಪತ್ತು ಮೂವತ್ತು ವರ್ಷ ರಸ್ತೆಯಲ್ಲೇ ದುಡಿದ ಲಾರಿಯ ಹೆಸರು ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲ. ಮರದ ವ್ಯಾಪಾರಿಗಳು ಕಾಡಿನೊಳಗೇ ಇಟ್ಟುಕೊಂಡು ದುಡಿಸಿದ ಮೆಟಡಾರ್‌ಗಳ ಕಥೆಯೂ ಇದೇ.

ನೋಂದಣಿಯಾದವುಗಳ ಪಾಡು ಸ್ವಲ್ಪ ವಾಸಿ. ಬ್ರಿಟನ್ನಿನಲ್ಲಿ ಆಗ ಜಿಲ್ಲಾ ಕೌನ್ಸಿಲುಗಳೇ ವಾಹನ ನೋಂದಾಯಿಸುತ್ತಿದ್ದವು. ಲಾರಿಯ ಜೊತೆಗೇ ಕೈಬದಲಾಗುತ್ತಿದ್ದ ಲಾಗ್ ಬುಕ್ಕಿನಲ್ಲಿ ಒಬ್ಬರಾದ ಮೇಲೊಬ್ಬರಂತೆ ಎಲ್ಲರ ಹೆಸರೂ ಕಚೇರಿಯ ಮುದ್ರೆಯೊಂದಿಗೆ ಇರುತ್ತಿತ್ತು. 1974ರಲ್ಲಿ ಈ ಕೆಲಸ ಸ್ವಾನ್ಸಿಯ ಕೇಂದ್ರ ಕಚೇರಿಯ ಕಂಪ್ಯೂಟರಿಗೆ ಹೋಯಿತು. ಹಳೆಯ ಪುಸ್ತಕ ಕೊಟ್ಟು ಹೊಸ ಪತ್ರ ಪಡೆಯಲು ಕೊನೆಯ ಗಡುವು 1983ರ ನವೆಂಬರ್. ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಲಾರಿಗಳ ಒಡೆಯರಲ್ಲಿ ಎಷ್ಟು ಜನ ಆ ಗಡುವಿನ ಬಗ್ಗೆ ತಲೆ ಕೆಡಿಸಿಕೊಂಡಾರು? ದಾಖಲಾಗದ ಲಾರಿಗಳು ತಮ್ಮ ಮೂಲ ನಂಬರನ್ನೇ ಕಳೆದುಕೊಂಡವು. ವಯಸ್ಸು, ಗುರುತು ಖಚಿತವಾಗದ ವಾಹನಕ್ಕೆ 'ಕ್ಯೂ' ಅಕ್ಷರದ ಪ್ಲೇಟು ಕೊಡುವ ಪದ್ಧತಿಯೂ ಅದೇ 1983ರಲ್ಲಿ ಬಂತು. ಹಳೆಯ ವಾಹನ ಇಟ್ಟುಕೊಂಡವರಿಗೆ ಆ ಅಕ್ಷರ ಕಂಡರಾಗದು.

ಕಳೆದ ನಂಬರನ್ನು ಮರಳಿ ಪಡೆಯಲು ದಾರಿಯಿದೆ. ಆ ಚಾಸಿಗೂ ಆ ನಂಬರಿಗೂ ಸಂಬಂಧವಿತ್ತೆಂದು ತೋರಿಸುವ ಹಳೆಯ ಲಾಗ್ ಬುಕ್, ತೆರಿಗೆ ಬಿಲ್ಲೆ ಅಥವಾ ಕೌನ್ಸಿಲಿನ ನೋಂದಣಿ ಪುಟದ ಪ್ರತಿ ಬೇಕು. ಕೌನ್ಸಿಲುಗಳ ಪುಸ್ತಕಗಳಲ್ಲಿ ಕೆಲವು ಜಿಲ್ಲಾ ದಾಖಲೆ ಕಚೇರಿಗಳಲ್ಲಿವೆ, ಅನೇಕವನ್ನು ಡ್ರಾಯ್ಟ್‌ವಿಚ್‌ನ ಕಿಟ್‌ಹೆಡ್ ಟ್ರಸ್ಟ್ ಕೂಡಿಟ್ಟಿದೆ, ಉಳಿದವು ರದ್ದಿಗೆ ಹೋದವು. ಯಾವ ಊರಿನ ಪುಸ್ತಕ ಉಳಿಯಿತು ಎಂಬುದರ ಮೇಲೆ ಲಾರಿಯ ಹಣೆಬರಹ ನಿಂತಿದೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಬ್ರಿಟನ್ನಿನ ನೋಂದಣಿ ಪತ್ರದಲ್ಲಿರುವುದು ವಾಹನವನ್ನು ಇಟ್ಟುಕೊಂಡವರ ಹೆಸರು. ಅದು ಮಾಲೀಕತ್ವದ ಪುರಾವೆಯಲ್ಲ ಎಂದು ಪತ್ರದ ಮೇಲೆಯೇ ಅಚ್ಚಾಗಿರುತ್ತದೆ. ಒಡೆತನಕ್ಕೆ ಮಾರಾಟದ ರಸೀದಿ, ಹರಾಜಿನ ಚೀಟಿ ಬೇಕು. ತಂದೆ ತೀರಿಹೋದ ಮೇಲೆ ಮಕ್ಕಳು ಬೀರುವಿನ ಕಾಗದ ಸುಡುವಾಗ ಮೊದಲು ಹೋಗುವುದೂ ಅದೇ.

ಬಣ್ಣವೇ ದಾಖಲೆ

ಕಾಗದ ಕೈಕೊಟ್ಟಾಗ ಲಾರಿಯ ಮೈಯನ್ನೇ ಓದಬೇಕಾಗುತ್ತದೆ. ಬ್ರಿಟಿಷ್ ಸೇನೆ ಯುದ್ಧದ ಮೊದಲ ವರ್ಷಗಳಲ್ಲಿ ಖಾಕಿ ಹಸಿರು ಬಳಿಯಿತು, 1942ರ ಹೊತ್ತಿಗೆ ಕಂದು, 1944ರಿಂದ ಆಲಿವ್ ಹಸಿರು, ಯುದ್ಧದ ನಂತರ ಹೊಳಪಿನ ಗಾಢ ಹಸಿರು. ಒಂದರ ಮೇಲೊಂದು ಬಿದ್ದ ಈ ಪದರಗಳು ಮರದ ಕಾಂಡದ ಉಂಗುರಗಳಿದ್ದಂತೆ. ಕೆಳಗೆ ಕಂದು ಬಣ್ಣ ಸಿಕ್ಕಿದರೆ ಲಾರಿ 1944ಕ್ಕೂ ಮೊದಲೇ ಕೆಲಸದಲ್ಲಿತ್ತು ಎಂದು ಊಹಿಸಬಹುದು. ಮೇಲಿನ ಪದರದಲ್ಲಿ ಕೆಂಪು ಅಥವಾ ಗಾಢ ನೀಲಿ ಕಂಡರೆ ಭಾರೀ ಸಾಗಣೆ ಕಂಪನಿಗಳ ನೆನಪಾಗುತ್ತದೆ: ನ್ಯೂಪೋರ್ಟಿನ ವಿನ್ಸ್ ಕಂಪನಿಯದು ಕೆಂಪು, ಪಿಕ್‌ಫರ್ಡ್ಸ್‌ನದು ನೀಲಿ. ಇಬ್ಬರೂ ಯುದ್ಧದ ನಂತರ ಡೈಮಂಡ್ ಟಿ ಲಾರಿಗಳನ್ನು ಕೊಂಡು ಟ್ರಾನ್ಸ್‌ಫಾರ್ಮರ್, ಬಾಯ್ಲರ್ ಸಾಗಿಸಿದವರು.

ನೀರು ಹಾಕಿ ಉಜ್ಜುವ ಉಪ್ಪುಕಾಗದದಿಂದ ಬಾನೆಟ್ಟಿನ ಪಕ್ಕವನ್ನು ಸಾವಕಾಶವಾಗಿ ತಿಕ್ಕುತ್ತ ಹೋದರೆ 'ಎಚ್' ನಂಬರಿನ ಅಂಕಿಗಳು ಒಂದೊಂದಾಗಿ ಮೇಲೆ ಬರುತ್ತವೆ. ಬಾಗಿಲಿನ ಮೇಲೆ ಗ್ಯಾರೇಜಿನ ಹೆಸರು, ಊರು, ಕೆಲವೊಮ್ಮೆ ಫೋನ್ ನಂಬರ್ ಕೂಡ. ಆ ಒಂದು ಊರಿನ ಹೆಸರು ಸಾಕು. ಅಲ್ಲಿನ ಹಳೆಯ ಪತ್ರಿಕೆಯ ಅಪಘಾತದ ಫೋಟೋಗಳಲ್ಲಿ ಇದೇ ಲಾರಿ ಬಸ್ಸೊಂದನ್ನು ಎತ್ತುತ್ತಿರುವುದು ಕಾಣಸಿಗಬಹುದು. ಆದರೆ ಲಾರಿ ಕೊಂಡವರು ಉತ್ಸಾಹದಲ್ಲಿ ಮೊದಲು ಮಾಡುವ ಕೆಲಸ ಮರಳು ಚಿಮ್ಮಿಸಿ ಇಡೀ ಬಣ್ಣ ಕಿತ್ತುಹಾಕಿಸುವುದು. ಎಂಬತ್ತು ವರ್ಷದ ಸಾಕ್ಷಿ ಒಂದು ಮಧ್ಯಾಹ್ನದಲ್ಲಿ ನೆಲಕ್ಕೆ ಬೀಳುತ್ತದೆ. ಆಮೇಲೆ ಹಚ್ಚಿದ ಹೊಸ ಬಣ್ಣ, ಬರೆಸಿದ ನಂಬರು ಎಷ್ಟು ಚಂದವಿದ್ದರೂ ಅದು ಬರೆಸಿದವನ ಇಷ್ಟದ ನಂಬರು.

ಜಾಡು ಸುಲಭವಾಗಿ ಸಿಗುವುದೂ ಉಂಟು. ವಿನ್ಸ್ ಕಂಪನಿ ಅಮೆರಿಕದ 'ಪೆಸಿಫಿಕ್' ಎಂಬ ದೈತ್ಯ ಟ್ಯಾಂಕ್ ಸಾಗಣೆ ಟ್ರ್ಯಾಕ್ಟರುಗಳನ್ನು ಕೊಂಡು, ರಕ್ಷಾಕವಚದ ಕ್ಯಾಬ್ ತೆಗೆದು, ಪೆಟ್ರೋಲ್ ಎಂಜಿನ್ ಬದಲು ಡೀಸೆಲ್ ಎಂಜಿನ್ ಕೂರಿಸಿ ತನ್ನದೇ ರೂಪ ಕೊಟ್ಟಿತು. ಒಂದೊಂದಕ್ಕೂ ಹೆಸರಿಟ್ಟಿತು: ಡ್ರೆಡ್‌ನಾಟ್, ಕಾಂಕರರ್, ಎಂಟರ್‌ಪ್ರೈಸ್, ಚಾಲೆಂಜರ್ ಹೀಗೆ. ಭಾರೀ ಹೊರೆ ಊರೊಳಗೆ ಬಂದರೆ ಜನ ಸೇರುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಹೆಸರಿದ್ದ ಲಾರಿ ಮರೆತುಹೋಗಲಿಲ್ಲ. ಹೆಸರಿಲ್ಲದ ಗ್ಯಾರೇಜ್ ಪಯೊನಿಯರಿಗೆ ಆ ಭಾಗ್ಯವಿಲ್ಲ.

ನಮ್ಮಲ್ಲಿ ಶಕ್ತಿಮಾನ್

ಈ ಮಾತು ನಮಗೂ ತಟ್ಟುವುದು ಶಕ್ತಿಮಾನ್ ಲಾರಿಯ ವಿಷಯದಲ್ಲಿ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1950ರ ದಶಕದ ಕೊನೆಯಿಂದ ಜಬಲ್ಪುರದಲ್ಲಿ ತಯಾರಾಗಿ ದಶಕಗಳ ಕಾಲ ಭಾರತೀಯ ಸೇನೆಯ ಬೆನ್ನೆಲುಬಾಗಿದ್ದ ಲಾರಿ ಇದು. ತಯಾರಿಕೆ ನಿಂತು ಎಷ್ಟೋ ಕಾಲವಾಗಿದೆ. ನಮ್ಮ ಸೇನೆಯ ನಂಬರ್ ಪ್ಲೇಟಿನ ಮೊದಲಲ್ಲಿ ಕಾಣುವ ಮೇಲ್ಮುಖ ಬಾಣ ಬ್ರಿಟಿಷರು ಸರ್ಕಾರಿ ಸೊತ್ತಿಗೆ ಹಾಕುತ್ತಿದ್ದ ಗುರುತಿನಿಂದ ಬಂದದ್ದು, ಅದರ ಪಕ್ಕದ ಎರಡು ಅಂಕಿ ಸೇನೆ ವಾಹನ ಪಡೆದ ವರ್ಷ.

1988ರ ಮೋಟಾರು ವಾಹನ ಕಾಯಿದೆಯ 60ನೇ ಸೆಕ್ಷನ್ ಪ್ರಕಾರ ರಕ್ಷಣಾ ಕೆಲಸದ ವಾಹನಗಳಿಗೆ ಪ್ರತ್ಯೇಕ ನೋಂದಣಿ. ಆರ್‌ಟಿಒ ಕಚೇರಿಯ ಹಂಗಿಲ್ಲ. ಹರಾಜಿನಲ್ಲಿ ಕೊಂಡವರು ರಸ್ತೆಗಿಳಿಸಬೇಕಾದರೆ ಸಾಮಾನ್ಯ ನೋಂದಣಿ ಮಾಡಿಸಬೇಕು. ಬಾಣದ ನಂಬರ್ ಅಲ್ಲಿಗೆ ಮುಗಿಯುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಅಕ್ಷರದ ವಿಂಟೇಜ್ ನೋಂದಣಿ ತಂದಿತಾದರೂ ಅದು ದ್ವಿಚಕ್ರ ವಾಹನ ಮತ್ತು ಕಾರು ವರ್ಗಕ್ಕೆ ಮಾತ್ರ. ಲಾರಿಗೆ ಆ ನಿಯಮದಲ್ಲಿ ಜಾಗವಿಲ್ಲ.

ಆದ್ದರಿಂದ ಗುಜರಿ ಅಂಗಳದಲ್ಲೋ ಹರಾಜಿನಲ್ಲೋ ಶಕ್ತಿಮಾನ್ ಒಂದನ್ನು ಕೊಳ್ಳುವವರು ಬಣ್ಣ ಮುಟ್ಟುವ ಮೊದಲೇ ಬಾಣದ ನಂಬರಿನ, ಬಾಗಿಲು ಮತ್ತು ಬಂಪರಿನ ಮೇಲಿರುವ ಘಟಕದ ಚಿಹ್ನೆಗಳ ಫೋಟೋ ತೆಗೆದಿಡಬೇಕು. ಚಾಸಿಯ ಅಂಕಿಗಳ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಆರ್‌ಟಿಒ ಏಜೆಂಟರಿಗೆಲ್ಲ ಗೊತ್ತಿರುವ ಕೆಲಸ. ಅದರ ಒಂದು ಪ್ರತಿ ಹರಾಜಿನ ರಸೀದಿಯ ಜೊತೆ ಮನೆಯಲ್ಲೂ ಇರಲಿ.