ಹಿಂದೂ ವಿವಾಹ ವಿಚ್ಛೇದನ

ಹಿಂದೂಗಳಲ್ಲಿ ವಿಚ್ಛೇದನ 1955ರ ಹಿಂದೂ ವಿವಾಹ ಕಾಯ್ದೆಯಿಂದಲೇ ಶುರುವಾಯಿತೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಮದುವೆಯೆಂದರೆ ಬಿಡಿಸಲಾಗದ ಸಂಸ್ಕಾರವೆಂದು ಮೇಲ್ಜಾತಿಗಳು ನಂಬಿದ್ದ ಕಾಲದಲ್ಲೂ ಅನೇಕ ಸಮುದಾಯಗಳಲ್ಲಿ ಕುಲದ ಹಿರಿಯರೆದುರು ಸಂಬಂಧ ಹರಿದುಕೊಳ್ಳುವ ರೂಢಿಯಿತ್ತು. ಉತ್ತರ ಕರ್ನಾಟಕದಲ್ಲಿ ಸೋಡಚೀಟಿ (ಬಿಡುಗಡೆ ಪತ್ರ) ಪಡೆದ ಹೆಣ್ಣು ಉಡಿಕೆಯಾಗಿ (ಮರುಮದುವೆಯಾಗಿ) ಮತ್ತೆ ಸಂಸಾರ ಹೂಡಬಹುದಿತ್ತು. ಇಂಥ ವಿಚ್ಛೇದನವನ್ನು ಕಾಯ್ದೆಯ 29ನೇ ಕಲಮು ಇಂದಿಗೂ ಮಾನ್ಯಮಾಡುತ್ತದೆ. ಆದರೆ ತಮ್ಮಲ್ಲಿ ಆ ರೂಢಿಯಿದೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕು.

ಮುಂಬಯಿ ಪ್ರಾಂತ 1947ರಲ್ಲಿ, ಮದರಾಸು 1949ರಲ್ಲಿ ವಿಚ್ಛೇದನದ ಕಾಯ್ದೆ ಮಾಡಿದವು. ಹೀಗಾಗಿ ಧಾರವಾಡ, ಬೆಳಗಾವಿ, ಮಂಗಳೂರು ಕಡೆಯ ಹಿಂದೂಗಳಿಗೆ ಈ ಹಕ್ಕು ಮೊದಲೇ ದಕ್ಕಿತ್ತು. ಇಡೀ ದೇಶಕ್ಕೆ ಅನ್ವಯಿಸಬೇಕಿದ್ದ ಹಿಂದೂ ಸಂಹಿತೆ ಮಸೂದೆ ಸಂಸತ್ತಿನಲ್ಲಿ ನೆನೆಗುದಿಗೆ ಬಿದ್ದಾಗ ಕಾನೂನು ಸಚಿವ ಬಿ.ಆರ್. ಅಂಬೇಡ್ಕರ್ 1951ರಲ್ಲಿ ರಾಜೀನಾಮೆ ಕೊಟ್ಟರು. ಆ ಮಸೂದೆಯ ಒಂದು ಭಾಗವೇ ಹಿಂದೂ ವಿವಾಹ ಕಾಯ್ದೆಯಾಗಿ 1955ರ ಮೇ 18ರಂದು ಜಾರಿಗೆ ಬಂತು.

ಆ ಕಾಯ್ದೆ ಬಾಗಿಲನ್ನು ಬಹಳ ಕಿರಿದಾಗಿಯೇ ತೆರೆಯಿತು. ಮತಾಂತರ, ಸಂನ್ಯಾಸ, ವಾಸಿಯಾಗದ ಬುದ್ಧಿಭ್ರಮಣೆ, ಏಳು ವರ್ಷ ಸುಳಿವಿಲ್ಲದಿರುವುದು ಇವೆಲ್ಲ ಕಾರಣಗಳಾದವು. ದಿನವೂ ಹೊಡೆತ ತಿನ್ನುವ ಹೆಂಡತಿಗೆ ಮಾತ್ರ ನೇರ ಬಿಡುಗಡೆ ಇರಲಿಲ್ಲ. ಕ್ರೌರ್ಯ, ಪರಿತ್ಯಾಗಗಳ ಆಧಾರದ ಮೇಲೆ ಸಿಗುತ್ತಿದ್ದದ್ದು ನ್ಯಾಯಿಕ ಪ್ರತ್ಯೇಕತೆಯಷ್ಟೇ. ಆಮೇಲೆ ಎರಡು ವರ್ಷ ಕಾದು ಮತ್ತೆ ಅರ್ಜಿ ಹಾಕಬೇಕಿತ್ತು. ಹೆಣ್ಣಿನ ಯಾತನೆಯನ್ನು ಹೀಗೆ ಕಾಯಿಸಿದ್ದು ಆ ಕಾಯ್ದೆಯ ದೊಡ್ಡ ಕೊರತೆ.

ಅದನ್ನು ತುಂಬಿದ್ದು 1976ರ ತಿದ್ದುಪಡಿ. ಕ್ರೌರ್ಯವೂ ಎರಡು ವರ್ಷದ ಪರಿತ್ಯಾಗವೂ ನೇರ ಕಾರಣಗಳಾದವು. ಮದುವೆಯಾಗಿ ಮೂರು ವರ್ಷ ಕಳೆಯದೆ ಅರ್ಜಿ ಹಾಕುವಂತಿಲ್ಲವೆಂಬ ನಿಯಮ ಒಂದು ವರ್ಷಕ್ಕಿಳಿಯಿತು. ಹದಿನೈದು ತುಂಬುವ ಮೊದಲೇ ಮದುವೆಯಾದ ಹುಡುಗಿ, ಹದಿನೆಂಟಾಗುವುದರೊಳಗೆ ಆ ಮದುವೆಯನ್ನು ನಿರಾಕರಿಸಿದ್ದರೆ, ವಿಚ್ಛೇದನ ಕೇಳಬಹುದಾಯಿತು. ಯಾರ ತಪ್ಪನ್ನೂ ಎತ್ತಿ ತೋರಿಸದೆ ಬೇರೆಯಾಗುವ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ (13ಬಿ ಕಲಮು) ಆಗಲೇ ಬಂತು. ಗಂಡಹೆಂಡತಿ ಕನಿಷ್ಠ ಒಂದು ವರ್ಷ ಬೇರೆಯಾಗಿದ್ದು ಜಂಟಿ ಅರ್ಜಿ ಹಾಕಬೇಕು. ಆರು ತಿಂಗಳ ನಂತರ ಇಬ್ಬರೂ ಮತ್ತೆ ಕೋರಬೇಕು. ಈ ಆರು ತಿಂಗಳನ್ನು ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಕೈಬಿಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು.

ಕುಷ್ಠರೋಗವನ್ನು ಕಾರಣಗಳ ಪಟ್ಟಿಯಿಂದ ತೆಗೆದದ್ದು 2019ರಲ್ಲಿ. ಔಷಧದಿಂದ ವಾಸಿಯಾಗುವ ಕಾಯಿಲೆಗೆ ಅಷ್ಟು ಕಾಲ ಈ ಕಳಂಕ ಅಂಟಿಕೊಂಡಿತ್ತು.

ಸರಿಪಡಿಸಲಾಗದಂತೆ ಮುರಿದ ದಾಂಪತ್ಯವೂ ಒಂದು ಕಾರಣವಾಗಬೇಕೆಂದು ಕಾನೂನು ಆಯೋಗ 1978ರಲ್ಲೇ ಶಿಫಾರಸು ಮಾಡಿತ್ತಾದರೂ ಅದು ಕಾಯ್ದೆಗೆ ಸೇರಲಿಲ್ಲ. ಸಂವಿಧಾನದ 142ನೇ ವಿಧಿಯಡಿ ತಾನು ಅಂಥ ಮದುವೆಯನ್ನು ರದ್ದುಪಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರಲ್ಲಿ ತೀರ್ಪಿತ್ತಿತು. ಆ ಅಧಿಕಾರ ಕೌಟುಂಬಿಕ ನ್ಯಾಯಾಲಯಗಳಿಗಿಲ್ಲ.